ಸೊನ್ನೆ ವರ್ಷದ ಶಾಪ, ಗಂಟಲಿಗೆ ಸಿಕ್ಕ ತಿನಿಸು, ತಲೆಗೆ ಬಡಿದ ಕಾಗೆ: ವಿಜ್ಞಾನ ದಿನಕ್ಕೆ ಇವನ್ನು ತೋರಿಸುವುದು ಹೇಗೆ?

ಬಾಗೇವಾಡಿ_ಮಾಸ್ತರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ್ರಿ. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ವಿಜಯಪುರ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ "ದೊಡ್ಡವರ ಸಾವು, ಜನರ ನಂಬಿಕೆ" ಅಂತ ಒಂದು ಮೇಜು ಇಡಬೇಕಾಗಿದೆ. ಎಂಟು, ಒಂಬತ್ತನೇ ತರಗತಿಯ ಮಕ್ಕಳೇ ನಿಂತು ಬಂದವರಿಗೆ ವಿವರಿಸುತ್ತಾರೆ.

ಇದಕ್ಕೆ ಆರಿಸಿದ್ದು ಅಮೆರಿಕದ ಆಗಿನ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರ ಪ್ರಸಂಗ. 2002ರ ಜನವರಿ 13, ಭಾನುವಾರ. ವೈಟ್ ಹೌಸ್‌ನಲ್ಲಿ ಟೀವಿಯಲ್ಲಿ ಫುಟ್‌ಬಾಲ್ ನೋಡುತ್ತಾ ಪ್ರೆಟ್ಜೆಲ್ ತಿನ್ನುತ್ತಿದ್ದರು. ಅದು ಗಂಟಲಿಗೆ ಸಿಕ್ಕಿ, ಕೆಲವು ಕ್ಷಣ ಎಚ್ಚರ ತಪ್ಪಿ ನೆಲಕ್ಕೆ ಬಿದ್ದರು. ಕೆನ್ನೆ ತರಚಿತು, ಅಷ್ಟೇ. ಆದರೆ ಸುದ್ದಿ ಹೊರಬಿದ್ದ ಮೇಲೆ ಹಳೇ ಶಾಪದ ಮಾತು ಮತ್ತೆ ಎದ್ದಿತು: ಸೊನ್ನೆಯಲ್ಲಿ ಮುಗಿಯುವ ವರ್ಷ, ಇಪ್ಪತ್ತು ವರ್ಷಕ್ಕೊಮ್ಮೆ ಆರಿಸಿ ಬಂದ ಅಧ್ಯಕ್ಷರು ಅಧಿಕಾರದಲ್ಲಿರುವಾಗಲೇ ಸಾಯುತ್ತಾರೆ ಎಂಬುದು. ಬುಷ್ ಆರಿಸಿ ಬಂದದ್ದು 2000ದಲ್ಲಿ.

ಬೇಕಾಗಿರುವುದು ಮೂರು. ಒಂದು, ತಿನಿಸು ಸಿಕ್ಕರೆ ಎಚ್ಚರ ಯಾಕೆ ತಪ್ಪುತ್ತದೆ, ಮಕ್ಕಳು ಕೈಯಿಂದ ಮಾಡಿ ತೋರಿಸುವ ಮಾದರಿ ಏನಾದರೂ ಇದೆಯೇ? ಎರಡು, ಶಾಪದ ಲೆಕ್ಕವನ್ನು ಚಾರ್ಟ್ ಮೇಲೆ ಹೇಗೆ ಬಿಡಿಸಿಡಬೇಕು? ಮೂರು, ನಮ್ಮ ಕಡೆಯ ನಂಬಿಕೆಗಳನ್ನೂ ಸೇರಿಸಬೇಕು, ಆದರೆ ಯಾರ ಮನಸ್ಸಿಗೂ ನೋವಾಗಬಾರದು. ತಿಳಿದವರು ಬಿಡಿಸಿ ಬರೆಯಿರಿ.

ನಾಡಿ_ಹಿಡಿಯೋರು

ಮಾಸ್ತರ್ರ, ಮೊದಲನೆಯದಕ್ಕೆ ಉತ್ತರ.

ಪ್ರೆಟ್ಜೆಲ್ ಅಂದರೆ ಗೋದಿಹಿಟ್ಟನ್ನು ಹಗ್ಗದ ಗಂಟಿನ ಹಾಗೆ ತಿರುವಿ, ಮೇಲೆ ಹರಳುಪ್ಪು ಉದುರಿಸಿ ಬೇಯಿಸಿದ ತಿನಿಸು. ಮಕ್ಕಳಿಗೆ ಚಕ್ಕಲಿ ತೋರಿಸಿದರೆ ಸಾಕು, ಅರ್ಥವಾಗುತ್ತದೆ. ಒಣಗಿದ್ದು, ಗಟ್ಟಿ ಇದ್ದದ್ದು. ಅರ್ಧಮರ್ಧ ಅಗಿದು ನುಂಗಿದರೆ ಅನ್ನನಾಳದಲ್ಲಿ ಒತ್ತಿಕೊಂಡು ನಿಲ್ಲುತ್ತದೆ. ಅನ್ನನಾಳದ ಗುಂಟ ವೇಗಸ್ ಎಂಬ ನರ ಇಳಿದುಹೋಗಿದೆ. ಹೃದಯಕ್ಕೆ "ನಿಧಾನ" ಎಂದು ಹೇಳುವ ನರವೂ ಅದೇ. ಅದು ಒಮ್ಮೆಲೇ ಕೆರಳಿದರೆ ನಾಡಿ ಕುಸಿಯುತ್ತದೆ, ಜೊತೆಗೆ ಕಾಲು ಹೊಟ್ಟೆಗಳ ರಕ್ತನಾಳ ಸಡಿಲಾಗಿ ರಕ್ತ ಕೆಳಗೆ ನಿಲ್ಲುತ್ತದೆ. ಬಿ.ಪಿ. ಬೀಳುತ್ತದೆ. ಮಿದುಳಿಗೆ ಕೆಲವು ಸೆಕೆಂಡು ರಕ್ತ ಸಾಲದೇ ಹೋದರೂ ಎಚ್ಚರ ತಪ್ಪುತ್ತದೆ. ಇದಕ್ಕೆ ವೇಸೋವೇಗಲ್ ಸಿಂಕೋಪ್ ಎನ್ನುತ್ತಾರೆ. ವೈಟ್ ಹೌಸ್ ವೈದ್ಯ ರಿಚರ್ಡ್ ಟಬ್ ಅವತ್ತು ಹೇಳಿದ್ದೂ ಇದನ್ನೇ. ಬುಷ್ ದಿನವೂ ಓಡುವ ಮನುಷ್ಯ. ಅಂಥವರ ನಾಡಿ ಸುಮ್ಮನೆ ಕೂತಾಗಲೇ ನಿಧಾನ ಇರುತ್ತದೆ, ಇನ್ನಷ್ಟು ಇಳಿಯಲು ಹೆಚ್ಚು ಹೊತ್ತು ಬೇಡ.

ಮಕ್ಕಳು ಗಮನಿಸಬೇಕಾದ ಸಂಗತಿ ಒಂದಿದೆ. ಬಿದ್ದದ್ದೇ ಅವರಿಗೆ ಮದ್ದಾಯಿತು. ದೇಹ ಅಡ್ಡವಾದ ಕೂಡಲೇ ಮಿದುಳು, ಹೃದಯ ಒಂದೇ ಮಟ್ಟಕ್ಕೆ ಬರುತ್ತವೆ, ರಕ್ತ ತಾನಾಗಿ ತಲುಪುತ್ತದೆ. ಅದಕ್ಕೇ ಇಂಥ ಮೂರ್ಛೆ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ತಿಳಿಯಾಗುತ್ತದೆ.

ಮಾದರಿ ಹೀಗೆ ಮಾಡಿಸಿ. ಒಂದು ಲೀಟರ್‌ನ ಪ್ಲಾಸ್ಟಿಕ್ ಬಾಟಲಿಯ ತಳ ಕತ್ತರಿಸಿ ಬೋರಲು ಹಿಡಿಯಿರಿ. ಬಾಯಿಗೆ ಗೌಂಡಿಗಳು ಮಟ್ಟ ನೋಡುವ ಪಾರದರ್ಶಕ ಪೈಪನ್ನು ಒಂದೂವರೆ ಮೀಟರ್ ಕತ್ತರಿಸಿ ಸಿಕ್ಕಿಸಿ, ಎಂ-ಸೀಲ್ ಮೆತ್ತಿ. ಗೋಡೆಗೆ ಅಳತೆಪಟ್ಟಿ ಅಂಟಿಸಿ. ಪೈಪಿನ ತುದಿಯನ್ನು ಮೇಜಿನಿಂದ 45 ಸೆಂ.ಮೀ. ಮೇಲೆ ಕಟ್ಟಿ, ಅದೇ ತಲೆ. ಬಾಟಲಿಯ ನೀರಿನ ಮಟ್ಟ 60ರಲ್ಲಿದ್ದರೆ ತುದಿಯಿಂದ ನೀರು ಬರುತ್ತದೆ. ಬಾಟಲಿಯನ್ನು 35ಕ್ಕೆ ಇಳಿಸಿ, ಬಿ.ಪಿ. ಬಿದ್ದ ಹಾಗೆ. ನೀರು ನಿಲ್ಲುತ್ತದೆ. ಈಗ ಬಾಟಲಿ ಮುಟ್ಟದೆ ಪೈಪಿನ ತುದಿಯನ್ನಷ್ಟೇ ಮೇಜಿನ ಮೇಲೆ ಮಲಗಿಸಿ. ನೀರು ಮತ್ತೆ ಹರಿಯುತ್ತದೆ. ನೋಡುವವರಿಗೆ ಬೇರೆ ವಿವರಣೆಯೇ ಬೇಡ.

ಕೆಡುವುದು ಎರಡು ಕಡೆ. ಪೈಪಿನಲ್ಲಿ ಗಾಳಿಗುಳ್ಳೆ ನಿಂತರೆ 60ರಲ್ಲಿದ್ದರೂ ನೀರು ಬರುವುದಿಲ್ಲ, ಮೊದಲು ತುದಿಯನ್ನು ಕೆಳಗಿಟ್ಟು ಪೈಪು ಬಡಿದು ಗುಳ್ಳೆ ಹೊರಡಿಸಿ. ಬಣ್ಣಕ್ಕೆ ಕುಂಕುಮ ಹಾಕಬೇಡಿ, ತಳಕ್ಕೆ ಕೂತು ಬಾಯಿ ಕಟ್ಟುತ್ತದೆ. ನಾಲ್ಕು ಹನಿ ಕೆಂಪು ಮಸಿ ಸಾಕು.

ಪಕ್ಕದಲ್ಲಿ ಒಂದು ಹಾಳೆ ಪ್ರಥಮ ಚಿಕಿತ್ಸೆಗೆ ಮೀಸಲಿಡಿ. ತಲೆ ಸುತ್ತಿ ಬಿದ್ದವರನ್ನು ಎಬ್ಬಿಸಿ ಕೂಡಿಸಬಾರದು. ನಮ್ಮ ಜನ ಮೊದಲು ಮಾಡುವ ತಪ್ಪೇ ಅದು. ಅಂಗಾತ ಮಲಗಿಸಿ, ಕಾಲನ್ನು ಒಂದು ಅಡಿ ಎತ್ತಿ, ಕಾಲರ್ ಸಡಿಲ ಮಾಡಿ. ಪೂರ್ತಿ ಎಚ್ಚರವಾಗುವ ತನಕ ಬಾಯಿಗೆ ನೀರು ಬಿಡಬಾರದು, ಶ್ವಾಸನಾಳಕ್ಕೆ ಹೋಗುತ್ತದೆ. ಉಳ್ಳಾಗಡ್ಡಿ, ಚಪ್ಪಲಿ ಮೂಸಿಸುವುದರಿಂದ ಏನೂ ಆಗದು. ಕೈಕಾಲು ಒಂದೆರಡು ಸಲ ಜಗ್ಗಿದರೆ ಫಿಟ್ಸ್ ಎಂದು ಗಾಬರಿ ಬೇಡ, ಸಿಂಕೋಪ್‌ನಲ್ಲೂ ಹಾಗಾಗುತ್ತದೆ. ಒಂದು ನಿಮಿಷ ಕಳೆದರೂ ಎಚ್ಚರವಾಗದಿದ್ದರೆ, ಎದೆನೋವಿದ್ದರೆ, ಓಡುವಾಗ ಅಥವಾ ಭಾರ ಎತ್ತುವಾಗ ಬಿದ್ದಿದ್ದರೆ 108ಕ್ಕೆ ಕರೆ ಮಾಡಿ. ವಯಸ್ಸಾದವರು ಎದ್ದು ಕೂತು "ಏನಿಲ್ಲ" ಅಂದರೂ ಅದೇ ದಿನ ಇ.ಸಿ.ಜಿ. ಆಗಲೇಬೇಕು, ಯಾಕೆಂದರೆ ಹೃದಯದ ಬಡಿತ ತಪ್ಪಿ ಬಿದ್ದವರೂ ಹಾಗೇ ಎದ್ದು ಕೂಡುತ್ತಾರೆ.

ಗಂಟಲಿಗೆ ಸಿಕ್ಕು ಉಸಿರೇ ಆಡದಿದ್ದರೆ ಅದು ಬೇರೆ ಪ್ರಕರಣ: ಮುಂದಕ್ಕೆ ಬಾಗಿಸಿ ಎರಡು ಹೆಗಲ ಮೂಳೆಗಳ ನಡುವೆ ಅಂಗೈ ಬುಡದಿಂದ 5 ಏಟು, ಆಗಲಿಲ್ಲವೆಂದರೆ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಒಳಕ್ಕೂ ಮೇಲಕ್ಕೂ 5 ಸಲ ಒತ್ತು. ಹೊರಬೀಳುವ ತನಕ ಅದನ್ನೇ ಮತ್ತೆ ಮತ್ತೆ. ಮಕ್ಕಳು ಇದನ್ನು ಒಬ್ಬರ ಮೇಲೊಬ್ಬರು ಮಾಡಿ ತೋರಿಸಬಾರದು, ಪಕ್ಕೆಲುಬಿಗೆ ಪೆಟ್ಟಾಗುತ್ತದೆ. ಗೋಣಿಚೀಲ ತುಂಬಿದ ಗೊಂಬೆ ಇಟ್ಟುಕೊಳ್ಳಿ.

ಲೆಕ್ಕದ_ಮನಿ

ಶಾಪದ ಲೆಕ್ಕ ನನಗಿರಲಿ.

ಜನ ಹೇಳುವ ಪಟ್ಟಿ ಇದು. 1840ರಲ್ಲಿ ಗೆದ್ದ ಹ್ಯಾರಿಸನ್, 1860ರ ಲಿಂಕನ್, 1880ರ ಗಾರ್ಫೀಲ್ಡ್, 1900ರ ಮೆಕಿನ್ಲಿ, 1920ರ ಹಾರ್ಡಿಂಗ್, 1940ರ ರೂಸ್‌ವೆಲ್ಟ್, 1960ರ ಕೆನಡಿ. ಏಳೂ ಜನ ಅಧಿಕಾರದಲ್ಲೇ ಸತ್ತರು. ಇದು ನಿಜ, ಚಾರ್ಟ್ ಮೇಲೆ ನಿಜ ಅಂತಲೇ ಬರೆಯಿರಿ. ಸುಳ್ಳು ಎಂದು ಶುರು ಮಾಡಿದರೆ ಗೂಗಲ್ ನೋಡಿ ಬಂದ ಯಾರಾದರೂ ಒಬ್ಬರು ಮಕ್ಕಳ ಬಾಯಿ ಮುಚ್ಚಿಸುತ್ತಾರೆ.

ಆಮೇಲೆ ನಿಯಮವನ್ನು ಬಿಗಿ ಮಾಡಿ ಕೇಳಿ: "ಸೊನ್ನೆ ವರ್ಷದಲ್ಲಿ ಗೆದ್ದ ಅದೇ ಅವಧಿಯಲ್ಲಿ ಸತ್ತವರು ಯಾರು?" ಲಿಂಕನ್ ಹತ್ಯೆ 1865ರ ಏಪ್ರಿಲ್‌ನಲ್ಲಿ, ಅದು 1864ರಲ್ಲಿ ಗೆದ್ದ ಎರಡನೇ ಅವಧಿ. ರೂಸ್‌ವೆಲ್ಟ್ ಸತ್ತದ್ದು 1945ರ ಏಪ್ರಿಲ್ 12ಕ್ಕೆ, 1944ರಲ್ಲಿ ಗೆದ್ದ ನಾಲ್ಕನೇ ಅವಧಿ. ಏಳು ಐದಕ್ಕೆ ಇಳಿಯಿತು. ಹಿಂದಕ್ಕೆ ಹೋಗಿ: 1800ರಲ್ಲಿ ಜೆಫರ್ಸನ್, 1820ರಲ್ಲಿ ಮನ್ರೊ, ಇಬ್ಬರೂ ಅವಧಿ ಮುಗಿಸಿ ಮನೆಗೆ ಹೋದವರು. ಮುಂದಕ್ಕೆ ಬನ್ನಿ: 1980ರ ರೇಗನ್, 2000ದ ಬುಷ್, 2020ರ ಬೈಡನ್, ಮೂವರೂ ಅವಧಿ ಮುಗಿಸಿದರು. ಹನ್ನೆರಡು ಸೊನ್ನೆ ವರ್ಷಗಳಲ್ಲಿ ಐದು. ಇನ್ನು 1848ರಲ್ಲಿ ಗೆದ್ದ ಟೇಲರ್ 1850ರಲ್ಲಿ ಅಧಿಕಾರದಲ್ಲೇ ತೀರಿಕೊಂಡರು. ಅವರು ಸೊನ್ನೆ ವರ್ಷದವರಲ್ಲ, ಹಾಗಾಗಿ ಶಾಪದ ಪಟ್ಟಿಯಲ್ಲಿ ಅವರ ಹೆಸರೇ ಇಲ್ಲ.

ಚಾರ್ಟಿನಲ್ಲಿ ಒಂದು ಕಾಲಂ ಸಾವಿನ ಕಾರಣಕ್ಕೆ ಬಿಡಿ, ಜನ ನಿಂತು ಓದುವುದೇ ಅದನ್ನು. ಗುಂಡೇಟು ನಾಲ್ವರಿಗೆ: ಲಿಂಕನ್, ಗಾರ್ಫೀಲ್ಡ್, ಮೆಕಿನ್ಲಿ, ಕೆನಡಿ. ಕಾಯಿಲೆ ಮೂವರಿಗೆ. ಗಾರ್ಫೀಲ್ಡ್‌ಗೆ ಗುಂಡು ಬಿದ್ದದ್ದು 1881ರ ಜುಲೈ 2, ಸತ್ತದ್ದು ಸೆಪ್ಟೆಂಬರ್ 19. ಎಪ್ಪತ್ತೊಂಬತ್ತು ದಿನ. ವೈದ್ಯರು ಗುಂಡು ಹುಡುಕಲು ತೊಳೆಯದ ಬೆರಳು, ತೊಳೆಯದ ಸಲಾಕೆ ಗಾಯದೊಳಗೆ ಹಾಕಿದರು. ಗಾಯ ಕೀವಾಗಿ ಮೈಯೆಲ್ಲ ನಂಜೇರಿತು. ರೂಸ್‌ವೆಲ್ಟ್‌ಗೆ ಕೊನೆಯ ದಿನ ಬಿ.ಪಿ. 300/190, ಮಿದುಳಿನಲ್ಲಿ ರಕ್ತಸ್ರಾವ. ಇವತ್ತು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುವಂಥ ಬಿ.ಪಿ. ಗುಳಿಗೆ ಆಗ ಜಗತ್ತಿನಲ್ಲೇ ಇರಲಿಲ್ಲ. ರೇಗನ್‌ಗೂ 1981ರ ಮಾರ್ಚ್ 30ರಂದು ಗುಂಡು ಬಿತ್ತು, ಹೃದಯದಿಂದ ಒಂದು ಇಂಚಿನಷ್ಟು ದೂರದಲ್ಲಿ. ಕಾರನ್ನು ನೇರ ಆಸ್ಪತ್ರೆಗೆ ತಿರುಗಿಸಿದರು, ರಕ್ತ ಕೊಟ್ಟರು, ಆಪರೇಷನ್ ಆಯಿತು, ಬದುಕಿದರು. ಗಾರ್ಫೀಲ್ಡ್, ರೇಗನ್ ಇಬ್ಬರನ್ನೂ ಅಕ್ಕಪಕ್ಕ ಬರೆಯಿಸಿ. ನೂರು ವರ್ಷದಲ್ಲಿ ಬದಲಾದದ್ದು ಸೋಪು, ರಕ್ತದ ಬಾಟಲಿ, ಶಸ್ತ್ರಚಿಕಿತ್ಸೆ.

ಈಗ ಆಟ. ಇದನ್ನು ಬಿಡಬೇಡಿ. ಅಧಿಕಾರದಲ್ಲಿದ್ದಾಗ ತೀರಿಕೊಂಡ ನಮ್ಮ ಪ್ರಧಾನಿಗಳು ಮೂವರು: ನೆಹರೂ 1964, ಶಾಸ್ತ್ರಿ 1966, ಇಂದಿರಾ ಗಾಂಧಿ 1984. ರಾಷ್ಟ್ರಪತಿಗಳು ಇಬ್ಬರು: ಜಾಕಿರ್ ಹುಸೇನ್ 1969, ಫಕ್ರುದ್ದೀನ್ ಅಲಿ ಅಹ್ಮದ್ 1977. ನೋಡಿ, ಪ್ರಧಾನಿಗಳೆಲ್ಲ ಸಮ ವರ್ಷದಲ್ಲಿ, ರಾಷ್ಟ್ರಪತಿಗಳೆಲ್ಲ ಬೆಸ ವರ್ಷದಲ್ಲಿ! ಐದಕ್ಕೆ ಐದು. ಇದನ್ನು ದೊಡ್ಡ ಅಕ್ಷರದಲ್ಲಿ "ದಿಲ್ಲಿಯ ಶಾಪ" ಎಂದು ಬರೆದು ನೇತುಹಾಕಿ. ಬಂದವರು ಹೌಹಾರುತ್ತಾರೆ. ಆಗ ಪ್ರತಿ ಮಗುವಿಗೂ ಪ್ರಧಾನಿಗಳ ಬದಲಿಗೆ ಒಂದು ರೂಪಾಯಿಯ ಮೂರು ನಾಣ್ಯ, ರಾಷ್ಟ್ರಪತಿಗಳ ಬದಲಿಗೆ ಎರಡು ರೂಪಾಯಿಯ ಎರಡು ನಾಣ್ಯ ಕೊಟ್ಟು ಚಿಮ್ಮಿಸಿ. ಒಂದು ರೂಪಾಯಿಯ ಮೂರೂ ನಾಣ್ಯ ಒಂದೇ ಮುಖ, ಎರಡು ರೂಪಾಯಿಯ ಎರಡೂ ನಾಣ್ಯ ಒಂದೇ ಮುಖ ಬಿದ್ದರೆ "ಶಾಪ" ತಟ್ಟಿತು ಅಂತ ಲೆಕ್ಕ. ಮೊದಲನೆಯದಕ್ಕೆ ಕಾಲು ಭಾಗ ಸಾಧ್ಯತೆ, ಎರಡನೆಯದಕ್ಕೆ ಅರ್ಧ. ಗುಣಿಸಿದರೆ ಎಂಟರಲ್ಲಿ ಒಂದು. ನಲವತ್ತು ಮಕ್ಕಳಿದ್ದರೆ ಸುಮಾರು ಐವರಿಗೆ ತಟ್ಟುತ್ತದೆ. ಸಮ-ಬೆಸ ಸಿಗದಿದ್ದರೆ ತಿಂಗಳು, ವಾರ, ಹೆಸರಿನ ಅಕ್ಷರ ಅಂತ ಹುಡುಕುತ್ತಾ ಹೋಗಬಹುದಿತ್ತು, ಎಲ್ಲೋ ಒಂದು ಕಡೆ ಹೊಂದಿಕೆ ಸಿಕ್ಕೇ ಸಿಗುತ್ತಿತ್ತು. ಹುಡುಕುವ ಮೊದಲೇ ನಿಯಮ ಬರೆದಿಡದಿದ್ದರೆ ಆಗುವುದೇ ಇದು.

ಸಾವಳಗಿ_ಪಂಚಾಂಗ

ಲೆಕ್ಕದ ಮನಿಯವರು ಬಿಟ್ಟ ಒಂದು ಎಳೆ ಹಿಡಿಯುತ್ತೇನೆ. ಈ ಶಾಪಕ್ಕೆ ಜ್ಯೋತಿಷ್ಯದ ಬಣ್ಣವೂ ಇದೆ, ಪ್ರದರ್ಶನಕ್ಕೆ ಬರುವ ಹಿರಿಯರು ಅದನ್ನೇ ಕೇಳುತ್ತಾರೆ: ಇಪ್ಪತ್ತು ವರ್ಷಕ್ಕೊಮ್ಮೆ ಗುರು-ಶನಿ ಯುತಿ (ಎರಡೂ ಗ್ರಹ ಆಕಾಶದಲ್ಲಿ ಒಂದೇ ಕಡೆ ಸೇರುವುದು) ಆಗುತ್ತದೆ, ಪೃಥ್ವೀ ತತ್ತ್ವದ ರಾಶಿಯಲ್ಲಿ (ವೃಷಭ, ಕನ್ಯಾ, ಮಕರ) ಆದರೆ ಅಧ್ಯಕ್ಷನಿಗೆ ಕಂಟಕ, ಅಂತ.

ಇಪ್ಪತ್ತು ವರ್ಷ ಹೇಗೆ ಬಂತು ಎಂಬುದನ್ನು ಹಲಗೆಯ ಮೇಲೆ ಮಕ್ಕಳೇ ಮಾಡಲಿ. ಗುರು ಒಂದು ರಾಶಿ ದಾಟಲು ಹೆಚ್ಚುಕಡಿಮೆ ಒಂದು ವರ್ಷ, ಶನಿ ಎರಡೂವರೆ ವರ್ಷ. ಮನೆಯಲ್ಲಿ ಎಲ್ಲರೂ ಕೇಳಿದ ಮಾತೇ. ಅಂದರೆ ವರ್ಷಕ್ಕೆ ಗುರು 30 ಅಂಶ (ಡಿಗ್ರಿ), ಶನಿ 12 ಅಂಶ. ವರ್ಷಕ್ಕೆ 18 ಅಂಶದಂತೆ ಗುರು ಮುಂದೆ ಹೋಗುತ್ತಾನೆ. 360 ಅಂಶ ಸುತ್ತಿ ಮತ್ತೆ ಶನಿಯನ್ನು ಹಿಡಿಯಲು 360 ಭಾಗಿಸು 18, ಇಪ್ಪತ್ತು ವರ್ಷ. ನಿಖರವಾಗಿ 19.86. ಅಮೆರಿಕದ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ, ಇಪ್ಪತ್ತು ನಾಲ್ಕರಿಂದ ಭಾಗವಾಗುತ್ತದೆ, ಆದ್ದರಿಂದ ಎರಡೂ ಜೊತೆ ಜೊತೆಯಾಗಿ ಓಡುತ್ತವೆ. ಹೊಂದಿಕೆ ಬಂದದ್ದು ಇಷ್ಟರಿಂದಲೇ.

ಈಗ ಒಳಗಿನ ತಪ್ಪು. ಹ್ಯಾರಿಸನ್ ಸತ್ತದ್ದು 1841ರ ಏಪ್ರಿಲ್, ಯುತಿ ಆದದ್ದು 1842ರ ಜನವರಿ. ಮೆಕಿನ್ಲಿ ಸತ್ತದ್ದು 1901ರ ಸೆಪ್ಟೆಂಬರ್, ಯುತಿ ನವೆಂಬರ್‌ನಲ್ಲಿ. ಕಾರಣಕ್ಕಿಂತ ಫಲವೇ ಮೊದಲು ಬಂತು. ಇನ್ನೊಂದು, ಪೃಥ್ವೀ ರಾಶಿ ಎನ್ನುವವರು ಪಾಶ್ಚಾತ್ಯರ ಸಾಯನ ಲೆಕ್ಕ (ವಸಂತ ವಿಷುವದಿಂದ ರಾಶಿ ಎಣಿಸುವುದು) ಹಿಡಿದವರು. ನಮ್ಮ ಪಂಚಾಂಗ ನಿರಯನ, ಅಂದರೆ ಸ್ಥಿರ ನಕ್ಷತ್ರಗಳಿಂದ ಎಣಿಸುವುದು, ಎರಡರ ನಡುವಿನ ಅಂತರವಾದ ಅಯನಾಂಶ 22ರಿಂದ 24 ಅಂಶ ಕಳೆಯಬೇಕು. ಕಳೆದರೆ 1881ರ ಯುತಿ ವೃಷಭದಿಂದ ಮೇಷಕ್ಕೆ ಸರಿಯುತ್ತದೆ, 1901ರದ್ದು ಮಕರದಿಂದ ಧನುವಿಗೆ. ಎರಡೂ ಅಗ್ನಿ ರಾಶಿ. ಅವರ ಲೆಕ್ಕದಲ್ಲೇ ಹೋದರೂ 2000ದ ಯುತಿ ವೃಷಭದಲ್ಲಿ, ಬುಷ್ ಉಳಿಯಬಾರದಿತ್ತು, ಉಳಿದರು. ಪಂಚಾಂಗದ ಗಣಿತ ಚೆನ್ನಾಗಿದೆ, ಗ್ರಹ ಎಲ್ಲಿದೆ ಎಂದು ಅದು ಸರಿಯಾಗಿ ಹೇಳುತ್ತದೆ. ಯಾರ ಆಯುಷ್ಯ ಎಷ್ಟು ಎಂಬುದು ಆ ಗಣಿತದಲ್ಲಿ ಇಲ್ಲ. ಈ ಎರಡನ್ನು ಬೇರೆ ಬೇರೆ ಇಟ್ಟು ಹೇಳಿದರೆ ಹಿರಿಯರೂ ಕಿವಿಗೊಡುತ್ತಾರೆ.

ಬಾಲಚುಕ್ಕಿ ಕಂಡರೆ ಅರಸನಿಗೆ ಅರಿಷ್ಟ ಎನ್ನುವುದನ್ನೂ ಸೇರಿಸಿ. 1910ರ ಏಪ್ರಿಲ್ 20ಕ್ಕೆ ಹ್ಯಾಲಿ ಧೂಮಕೇತು ಸೂರ್ಯನಿಗೆ ಅತಿ ಹತ್ತಿರ ಬಂತು, ಮೇ 6ಕ್ಕೆ ಇಂಗ್ಲೆಂಡಿನ ಅರಸ ಏಳನೇ ಎಡ್ವರ್ಡ್ ತೀರಿಕೊಂಡ. ಮತ್ತೆ ಬಂದದ್ದು 1986ರ ಫೆಬ್ರುವರಿ 9, ಅದೇ ತಿಂಗಳ 28ಕ್ಕೆ ಸ್ವೀಡನ್ ಪ್ರಧಾನಿ ಓಲೋಫ್ ಪಾಲ್ಮೆ ಹತ್ಯೆ. ಮೈ ಜುಮ್ಮೆನ್ನುತ್ತದೆ. ಆದರೆ ಜಗತ್ತಿನಲ್ಲಿ ಸುಮಾರು ಇನ್ನೂರು ದೇಶಗಳಿವೆ, ಹಾಲಿ ನಾಯಕರು, ಮಾಜಿ ನಾಯಕರು ಎಲ್ಲ ಸೇರಿದರೆ ಸಾವಿರದ ಲೆಕ್ಕ. ಯಾವ ತಿಂಗಳು ತೆಗೆದುಕೊಂಡರೂ ಯಾರದೋ ಒಂದು ಸಾವು ಸಿಗುತ್ತದೆ. ಬಾಲಚುಕ್ಕಿ ಬರದ ತಿಂಗಳ ಸಾವುಗಳನ್ನು ಯಾರೂ ಎಣಿಸುವುದಿಲ್ಲ. ಇದಕ್ಕೆ ಎದುರಾಗಿ 1962ರ ಫೆಬ್ರುವರಿಯ ಅಷ್ಟಗ್ರಹ ಕೂಟ (ಎಂಟು ಗ್ರಹ ಒಂದೇ ರಾಶಿಯಲ್ಲಿ ಸೇರಿದ್ದು) ಇಡಿ. ಪ್ರಳಯವಾಗುತ್ತದೆಂದು ದೇಶದ ತುಂಬ ಹೋಮ ಹವನ ನಡೆದವು, ಪ್ರಳಯವಾಗಲಿಲ್ಲ. ಅಜ್ಜ ಅಜ್ಜಿಯರಲ್ಲಿ ಆ ವಾರ ನೆನಪಿರುವವರು ಇದ್ದರೆ ಮಕ್ಕಳೇ ಕೇಳಿ ಬರೆದುಕೊಂಡು ಬರಲಿ.

ಇನ್ನೊಂದು ಮಾತು, ನಮ್ಮ ಜಮಖಂಡಿ ತಾಲೂಕಿನ ಹೆಮ್ಮೆಯಿಂದ. 1977ರ ಫೆಬ್ರುವರಿ 11ಕ್ಕೆ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡಾಗ ಅದೇ ದಿನ ಹಂಗಾಮಿ ರಾಷ್ಟ್ರಪತಿ ಆದವರು ಸಾವಳಗಿಯ ಬಿ. ಡಿ. ಜತ್ತಿಯವರು. ಜುಲೈ 25ರ ತನಕ ನಡೆಸಿದರು, ನಡುವೆ ಲೋಕಸಭಾ ಚುನಾವಣೆಯಾಗಿ ಸರ್ಕಾರವೇ ಬದಲಾಯಿತು, ದೇಶದ ಆಡಳಿತ ನಿಲ್ಲಲಿಲ್ಲ. ಸಂವಿಧಾನದ 65ನೇ ವಿಧಿ ಉಪರಾಷ್ಟ್ರಪತಿ ಕೂಡಲೇ ಆ ಕೆಲಸ ವಹಿಸಬೇಕು ಎನ್ನುತ್ತದೆ, 62ನೇ ವಿಧಿ ಆರು ತಿಂಗಳೊಳಗೆ ಚುನಾವಣೆ ಆಗಬೇಕು ಎನ್ನುತ್ತದೆ. ಅರಸ ಸತ್ತರೆ ನಾಡು ಕೆಡುತ್ತದೆ ಎಂಬ ಭಯದಿಂದ ಹುಟ್ಟಿದ ಶಕುನಗಳಿಗೆ ಈ ಎರಡು ವಿಧಿಗಳನ್ನೇ ಉತ್ತರವಾಗಿ ಬರೆಯಿಸಿ. ಜತ್ತಿಯವರ ಫೋಟೋ ಒಂದು ಮೇಜಿನ ಮೇಲಿರಲಿ.

ತೊರವಿ_ರಸ್ತೆ

ಮೂರನೇ ಪ್ರಶ್ನೆಗೆ. ವಿಜಯಪುರದಲ್ಲೇ ಎರಡು ಕಥೆಗಳಿವೆ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಮೊದಲನೆಯದು ಹಾಶಿಂಪೀರ್ ದರ್ಗಾದ್ದು. ಸುಲ್ತಾನ ಮೊಹಮ್ಮದ್ ಆದಿಲ್ ಶಾಹ ಕಾಯಿಲೆ ಬಿದ್ದಾಗ ಪೀರರು ತಮ್ಮ ಆಯುಷ್ಯದ ಹತ್ತು ವರ್ಷ ಅವನಿಗೆ ಧಾರೆ ಎರೆದರು ಎಂದು ಜನ ಹೇಳುತ್ತಾರೆ. ಪೀರರು ತೀರಿಕೊಂಡದ್ದು 1646, ಸುಲ್ತಾನ 1656. ಹತ್ತು ವರ್ಷ ಸರಿಹೋಗುತ್ತದೆ. ಸುಲ್ತಾನ ಕಣ್ಣುಮುಚ್ಚಿದ ಮೇಲೆ ಹಿಂದಕ್ಕೆ ಎಣಿಸಿದರೂ ಅದೇ ಹತ್ತು ಸಿಗುತ್ತದೆ ಎಂಬುದನ್ನು ಮಕ್ಕಳು ತಿಳಿದರೆ ಸಾಕು, ಪ್ರದರ್ಶನದಲ್ಲಿ ಅದನ್ನು ಬಿಡಿಸಿ ಕೂಡಬೇಡಿ. ದರ್ಗಾಕ್ಕೆ ಎಲ್ಲ ಜಾತಿಯ ಜನ ನಡೆದುಕೊಳ್ಳುತ್ತಾರೆ. ಆ ಕಥೆಯಿಂದ ಯಾರಿಗೂ ಕೆಡುಕಾಗಿಲ್ಲ, ಅದರಲ್ಲಿರುವುದು ಪ್ರೀತಿ.

ಎರಡನೆಯದು ಸಾಠ್ ಕಬರ್, ಅರವತ್ತು ಗೋರಿ. ಶಿವಾಜಿಯ ಮೇಲೆ ದಂಡೆತ್ತಿ ಹೊರಟ ಅಫ್ಜಲ್ ಖಾನನಿಗೆ "ನೀನು ತಿರುಗಿ ಬರುವುದಿಲ್ಲ" ಎಂದು ಜೋತಿಷಿ ಹೇಳಿದ, ಹೋಗುವ ಮೊದಲು ಖಾನ ತನ್ನ ಹೆಂಡಂದಿರನ್ನೆಲ್ಲ ಬಾವಿಗೆ ತಳ್ಳಿಸಿ ಕೊಲ್ಲಿಸಿದ ಎಂದು ಹೇಳಿಕೆ. ಖಾನ ಸತ್ತದ್ದು ನಿಜ, 1659ರ ನವೆಂಬರ್ 10, ಪ್ರತಾಪಗಡದ ಬುಡದಲ್ಲಿ. ಅವನನ್ನು ಹೂಳಿದ್ದೂ ಅಲ್ಲೇ, ಇಲ್ಲಿ ತನಗಾಗಿ ಕಟ್ಟಿಸಿಕೊಂಡ ಗೋರಿ ಖಾಲಿ ಉಳಿಯಿತು. ಊರ ಹೊರಗೆ ಸಾಲು ಸಾಲು ಗೋರಿಗಳಿರುವುದೂ ನಿಜ. ಒಂದೇ ಅಳತೆ, ಒಂದೇ ಕಲ್ಲು, ಮೇಲೆ ಚಪ್ಪಟೆ, ಹೆಂಗಸರ ಗೋರಿಯ ಗುರುತು. ನಡುವಿನ ಜೋತಿಷಿ, ಕೊಲೆ, ಬಾವಿ ಇವು ಜನರ ಬಾಯಿಂದ ಬಂದವು. ಫಲಕದಲ್ಲಿ "ಕಣ್ಣಿಗೆ ಕಾಣುವುದು", "ದಿನಾಂಕ ಇರುವುದು", "ಹೇಳಿಕೆ" ಎಂದು ಮೂರು ಭಾಗ ಮಾಡಿ ಬರೆಯಿಸಿ. ಆಮೇಲೆ ಮಕ್ಕಳು ಒಂದು ಪ್ರಶ್ನೆ ಕೇಳಲಿ: ಹೇಳಿಕೆ ನಿಜವೇ ಆಗಿದ್ದರೆ, ಭವಿಷ್ಯ ನುಡಿದದ್ದು ಒಬ್ಬ ಗಂಡಸಿನ ಸಾವಿನ ಬಗ್ಗೆ, ಜೀವ ತೆತ್ತವರು ಯಾರು? ಈ ಪ್ರಶ್ನೆ ಕೇಳಲು ಯಾರೂ ಅಳುಕಬೇಕಾಗಿಲ್ಲ. ಇದು ಯಾವ ಧರ್ಮದ ಮೇಲಿನ ಮಾತೂ ಅಲ್ಲ.

ಘಟಪ್ರಭಾ_ಅಕ್ಕ

ಕಾಗಿ ವಿಷಯ ಯಾರೂ ಬರದಿಲ್ಲಲ್ರಿ, ಮಾಸ್ತರ್ರ ಪ್ರಶ್ನಿ ತಲೆಬರಹದಾಗ ಹಾಕ್ಯಾರ. ಕಾಗಿ ತಲಿಗೆ ಬಡದ್ರ ಸಾವು ಬರ್ತೈತಿ, ಅದನ್ನ ತಪ್ಪಸಾಕ ಬೀಗರಿಗೆ "ಸತ್ತಾನ" ಅಂತ ಸುಳ್ಳ ಸುದ್ದಿ ಕಳಸಬೇಕು, ಅವರು ಅತ್ತ ಮ್ಯಾಲ ದೋಷ ಹೋಗ್ತೈತಿ ಅನ್ನೂ ನಂಬಿಕಿ ನಮ್ಮ ಕಡೆ ಇನ್ನೂ ಐತಿ. ಕಾಗಿ ಯಾಕ ಬಡಿತೈತಿ ಅನ್ನೂದನ್ನ ಮೊದಲ ಹೇಳ್ರಿ. ಮುಂಗಾರಿ ಸುತ್ತಮುತ್ತ ಗೂಡು ಕಟ್ಟಿ ಮರಿ ಮಾಡೂ ಕಾಲ. ಗೂಡಿನ ಗಿಡದ ಕೆಳಗ ಹಾದ್ರ ಹಿಂದಿನಿಂದ ಬಂದು ತಲಿಗೆ ಹೊಡಿತೈತಿ, ಎದುರಿಗೆ ಬರೂದು ಕಡಿಮಿ. ಕಾರಿನ ಗಾಜಿನ್ಯಾಗ ತನ್ನ ನೆರಳು ಕಂಡ್ರ ಮತ್ತೊಂದು ಕಾಗಿ ಅಂತ ಕುಕ್ಕತೈತಿ. 2016ರ ಜೂನ್‌ನ್ಯಾಗ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕಾರಿನ ಮ್ಯಾಲ ಕಾಗಿ ಕುಂತದ್ದು ಟೀವಿಯೊಳಗ ಭಾಳ ಓಡಿತ್ತು. ಕಾರು ಬದಲಾತು, ಕಾಗಿ ಕಾರಣ ಅಲ್ಲ ಅಂತ ಅವರು ಹೇಳಿದ್ರು. 2013ರಿಂದ 2018ರ ತನಕ ಐದು ವರ್ಷ ಪೂರ್ತಿ ಮಾಡಿದ್ರು, ಹೋದ್ರ ಕುರ್ಚಿ ಹೋಗ್ತೈತಿ ಅಂತಿದ್ದ ಚಾಮರಾಜನಗರಕ್ಕೂ ಮತ್ತ ಮತ್ತ ಹೋಗಿ ಬಂದ್ರು.

ಸುಳ್ಳ ಸಾವಿನ ಸುದ್ದಿ ಫೋನಿನ್ಯಾಗ ಕಳಸೂದು ಭಾಳ ಕೆಟ್ಟದ್ದರಿ. ಬೀಗರ ಮನ್ಯಾಗ ಹೃದಯದ ಬ್ಯಾನಿ ಇದ್ದ ಮುದುಕರು ಇರ್ತಾರ, ಆಮ್ಯಾಲ "ಸುಳ್ಳು" ಅಂತ ಹೇಳೂದ್ರೊಳಗ ಅನಾಹುತ ಆಗಿ ಹೋಗ್ತೈತಿ. ದೊಡ್ಡವರ ಬಗ್ಗೆನೂ ಇಂಥಾ ಮಾತು ಐತಿ, ಸತ್ತಾರ ಅಂತ ಗುಲ್ಲ ಎದ್ರ ಆಯುಷ್ಯ ಹೆಚ್ಚತೈತಿ ಅಂತ. 1979ರ ಮಾರ್ಚ್ 22ಕ್ಕ ಜಯಪ್ರಕಾಶ ನಾರಾಯಣ ತೀರಿಕೊಂಡ್ರು ಅಂತ ಪ್ರಧಾನಿ ಮೊರಾರ್ಜಿ ದೇಸಾಯಿಯವರೇ ಲೋಕಸಭೆಯೊಳಗ ಹೇಳಿಬಿಟ್ರು. ಜೆ.ಪಿ. ಮುಂಬೈಯ ಜಸ್ಲೋಕ್ ಆಸ್ಪತ್ರೆಯೊಳಗ ಜೀವಂತ ಇದ್ರು. ತೀರಿಕೊಂಡದ್ದು ಅಕ್ಟೋಬರ್ 8ಕ್ಕ. ಎಣಿಸ್ರಿ, ಬರೋಬ್ಬರಿ ಇನ್ನೂರು ದಿನ. ಗುಲ್ಲಿನಿಂದ ಆಯುಷ್ಯ ಬೆಳಿಲಿಲ್ಲ, ಮೊದಲಿನಿಂದ ಕೆಟ್ಟಿದ್ದ ಕಿಡ್ನಿ ಕೆಟ್ಟೇ ಇದ್ದವು. ಪ್ರಧಾನಿಗೂ ಖಾತ್ರಿ ಮಾಡಿಕೊಳ್ಳದ ಸುದ್ದಿ ಮುಟ್ಟತಿತ್ತು ಅಂದ್ರ ನಮ್ಮ ವಾಟ್ಸಾಪಿನ ಗತಿ ಏನು? ಹಂಗಂತ ಒಂದು ಫಲಕ ಮಾಡ್ರಿ: ನಾಯಕರು ಬಿದ್ದ ಸುದ್ದಿ ಬಂದ್ರ ಆಸ್ಪತ್ರೆಯ ಬುಲೆಟಿನ್ ಐತೇನು, ಅದರ ಮ್ಯಾಲ ತಾರೀಖು, ವೇಳೆ, ವೈದ್ಯರ ಸಹಿ ಐತೇನು, ವಿಡಿಯೋ ಹಳೇದೇನು. ನಾಕು ಸಾಲು ಸಾಕು.

ಸಭೆಯೊಳಗ ತಲಿ ತಿರುಗೂದಂತೂ ಎಲ್ಲಾ ಪಕ್ಷದವರಿಗೂ ಆಗೇತಿ. 2024ರ ಏಪ್ರಿಲ್ 24ಕ್ಕ ನಿತಿನ್ ಗಡ್ಕರಿಯವರು ಯವತಮಾಳ ಜಿಲ್ಲಾದ ಸಭೆಯೊಳಗ ಬಿಸಿಲಿಗೆ ಕುಸಿದ್ರು, ಸೆಪ್ಟೆಂಬರ್ 29ಕ್ಕ ನಮ್ಮ ಮಲ್ಲಿಕಾರ್ಜುನ ಖರ್ಗೆಯವರಿಗೆ ಜಮ್ಮುವಿನ ಜಸ್ರೋಟಾದೊಳಗ ಭಾಷಣದ ನಡುವೆ ತಲಿ ತಿರುಗಿತು. ಇಬ್ಬರೂ ಸುಧಾರಿಸಿಕೊಂಡು ಮತ್ತ ಮೈಕ್ ಹಿಡಿದ್ರು. ಏಪ್ರಿಲ್-ಮೇದಾಗ ನಮ್ಮ ಕಡೆ 40 ಡಿಗ್ರಿ ದಾಟತೈತಿ. ತಗಡಿನ ಶೆಡ್ಡು, ದೀಪದ ಕಾವು, ಕೊಳ್ಳಾಗ ಐದಾರು ಹಾರ, ಒಂದು ತಾಸು ನಿಂತೇ ಭಾಷಣ. ಮ್ಯಾಲಿಂದ ಮ್ಯಾಲ ಎದ್ದು ಹೋಗೂದು ಬ್ಯಾಡ ಅಂತ ನೀರೂ ಕುಡಿಯೂದಿಲ್ಲ. ರಕ್ತ ಕಾಲಿನ್ಯಾಗ ನಿಂತ ಮ್ಯಾಲ ಇನ್ನೇನಾಗಬೇಕು? ಸಾಲಿ ಪ್ರಾರ್ಥನಾದೊಳಗ ಹುಡುಗೂರು ಬೀಳೂದೂ ಇದೇ ಕಾರಣಕ್ಕ. ಮುಂಜಾನೆ ಉಪವಾಸ ಬರಬಾರದು, ನಿಂತಲ್ಲೇ ಹಿಮ್ಮಡ ಎತ್ತಿ ಇಳಿಸಬೇಕು, ಕಣ್ಣು ಮಂಜಾದ ಕೂಡಲೇ ನಾಚಿಕಿ ಬಿಟ್ಟು ಕುಂಡರಬೇಕು.

ಬಾಗೇವಾಡಿ_ಮಾಸ್ತರ

ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ, ಎಲ್ಲರಿಗೂ ಶರಣು. ಒಂದೇ ಸಂಶಯ, ಲೆಕ್ಕದ ಮನಿಯವರಿಗೆ. ಯಾರಾದರೂ ಹೀಗೆ ಕೇಳಿದರೆ: "1960ಕ್ಕೆ ಮೊದಲೇ ಜನ ಈ ಶಾಪದ ಮಾತಾಡುತ್ತಿದ್ದರು, ಆಮೇಲೆ ಕೆನಡಿ ಸತ್ತರಲ್ಲ, ಅದು ಹಿಂದಕ್ಕೆ ಎಣಿಸಿದ್ದಲ್ಲವಲ್ಲ?"

ಲೆಕ್ಕದ_ಮನಿ

ಒಳ್ಳೆಯ ಪ್ರಶ್ನೆ, ಇದನ್ನು ಮರೆಮಾಚಬಾರದು. ಈ ಹೊಂದಿಕೆಯ ಮಾತು ಅಚ್ಚಾಗಿ ಬಂದದ್ದು 1930ರ ದಶಕದಲ್ಲಿ. ಈ ಶಾಪ ಹಾಕಿದವನು ಟೆಕುಮ್ಸೆ ಎಂಬ ರೆಡ್ ಇಂಡಿಯನ್ (ಅಮೆರಿಕದ ಮೂಲನಿವಾಸಿ) ನಾಯಕ ಎಂದು ಜನ ಹೇಳುತ್ತಾರೆ, ಅವನು 1813ರಲ್ಲೇ ಯುದ್ಧದಲ್ಲಿ ಸತ್ತ, ಶಾಪದ ಬಗ್ಗೆ ಆ ಕಾಲದ ಬರಹ ಇಲ್ಲ. ಹಾಗಾಗಿ 1930ಕ್ಕಿಂತ ಹಿಂದಿನ ಐದೂ ಸಾವುಗಳನ್ನು ಪರೀಕ್ಷೆಯಿಂದ ತೆಗೆಯಿರಿ, ಅವು ನಿಯಮ ಕಟ್ಟಲು ಬಳಸಿದ ಕಲ್ಲುಗಳು. ನಿಯಮ ಬರೆದ ಮೇಲೆ ಬಂದವು ಐದು: 1940, 1960, 1980, 2000, 2020. ಸಡಿಲ ಲೆಕ್ಕದಲ್ಲಿ ಎರಡು ಹೌದು, ಮೂರು ಇಲ್ಲ. ಬಿಗಿ ಲೆಕ್ಕದಲ್ಲಿ ಕೆನಡಿ ಒಬ್ಬರೇ.

ಚಾರ್ಟಿನಲ್ಲಿ 1930ರ ಹತ್ತಿರ ಒಂದು ದಪ್ಪ ಕೆಂಪು ಗೆರೆ ಎಳೆಸಿ. ಎಡಕ್ಕಿರುವುದನ್ನು ಮೊದಲು ಕಾಗದದಿಂದ ಮುಚ್ಚಿಟ್ಟು, ಬಲಗಡೆಯ ಐದನ್ನಷ್ಟೇ ಓದಿಸಿ, ಆಮೇಲೆ ಕಾಗದ ತೆಗೆಯಲಿ. ಕೇಳಿದವರ ಕೈಯಿಂದಲೇ ಕಾಗದ ತೆಗೆಸಿದರೆ ಇನ್ನೂ ಛಲೋ.

ನಾಡಿ_ಹಿಡಿಯೋರು

ಮಾಸ್ತರ್ರ, ಮಾದರಿಯ ಬಗ್ಗೆ ಒಂದು ತಿದ್ದುಪಡಿ. ಎಂ-ಸೀಲ್ ಹಿಂದಿನ ದಿನವೇ ಮೆತ್ತಿಡಿ. ಮೆತ್ತಿದ ಕೂಡಲೇ ನೀರು ಹಾಕಿದರೆ ಬಾಯಿಯ ಹತ್ತಿರ ಸೋರಿ, ಮಟ್ಟ ಇಳಿಯುತ್ತಾ ಹೋಗುತ್ತದೆ, 60 ಅಂತ ತೋರಿಸಿದ್ದು 50 ಆಗಿರುತ್ತದೆ. ಕೆಳಗೆ ಒಂದು ಬೋಗುಣಿ ಇರಲಿ, ತುದಿಯಿಂದ ಬಂದ ನೀರನ್ನು ಒಬ್ಬ ಹುಡುಗ ಲೋಟದಲ್ಲಿ ತುಂಬಿ ಮತ್ತೆ ಬಾಟಲಿಗೆ ಹಾಕುತ್ತಿರಲಿ. ಆಗ ಮಟ್ಟ ಒಂದೇ ಕಡೆ ನಿಲ್ಲುತ್ತದೆ.